ಒಂದಗುಳು

ರಿಪ್ಪನ್‌ಪೇಟೆಯಿಂದ ಆರೂಕಾಲರ ಬಸ್ಸು.
ಇವತ್ತು ಶಾಲೆಯಲ್ಲಿ ಗುತ್ಯಮ್ಮ ಒಬ್ಬಳೇ,
ನೂರಾ ಹನ್ನೆರಡು ಮಕ್ಕಳಿಗೆ ಅವಳೇ ಬೇಯಿಸಬೇಕು;
ಸೌಟು ಎಲ್ಲಿಟ್ಟಿದ್ದೇನೆಂದು ಹೇಳಿ ಬರಲಿಲ್ಲ.
ದಾರಿಯುದ್ದ ಅದೇ ಯೋಚನೆ. ಬೇರೆ ಯೋಚನೆ
ಬರದಿರಲೆಂದು ಅದೇ.

ದುರ್ಗಿಗುಡಿಯ ಸ್ಕ್ಯಾನಿಂಗ್ ಸೆಂಟರಿನ ಗೋಡೆಗೆ
ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ ಎಂಬ ಬೋರ್ಡು.
ಅದೊಂದು ಬಿಟ್ಟು ಉಳಿದದ್ದೆಲ್ಲ ಹೇಳಿದರು.

ಡೌನ್ ಸಿಂಡ್ರೋಮ್ ಅನ್ನುವುದು ಐದನೇ ತಿಂಗಳಲ್ಲೇ ಗೊತ್ತಿತ್ತು.
ನನಗೆ ನಲವತ್ತೊಂದು. ಬೇಡ ಅಂದಿದ್ದಳು ಅತ್ತಿಗೆ,
ನಾನೂ ಒಂದು ರಾತ್ರಿ ಬೇಡ ಅಂದುಕೊಂಡೆ.
ಬೆಳಗ್ಗೆ ಅದು ಒಳಗಿಂದ ಒದ್ದಿತು,
ಮಾತು ಅಲ್ಲಿಗೆ ಮುಗಿಯಿತು.

ಇವತ್ತಿನದು ಬೇರೆ.
ತಣ್ಣನೆ ಜೆಲ್ಲಿನ ಮೇಲೆ ಡಾಕ್ಟರ್ ರೆಹನಾರ ಕೈ
ಒಂದೇ ಜಾಗಕ್ಕೆ ತಿರುಗಿ ತಿರುಗಿ ಬಂತು.
ಪರದೆಯಲ್ಲಿ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು
ಅಳೆದರು, ಅಳಿಸಿದರು, ಮತ್ತೆ ಅಳೆದರು.
"ಪಿತ್ತಜನಕಾಂಗ ದೊಡ್ಡದಾಗಿದೆ. ಗುಲ್ಮವೂ.
ಹೃದಯದ ಸುತ್ತ ನೀರಿನದೊಂದು ಎಳೆ."
ಎಳೆ ಅಂದರೆ ಎಷ್ಟು, ಕೇಳಿದೆ,
ಸೀರೆಯ ಎಳೆಯಷ್ಟೋ, ಬೆಲ್ಲದ ಪಾಕದ ಎಳೆಯಷ್ಟೋ?

ಅವರು ನಗಲಿಲ್ಲ. ಒಂದು ಚೀಟಿ ತಿರುಗಿಸಿ ಚಿತ್ರ ಬರೆದರು:
ಬಸಿರಲ್ಲಿ ಮಗುವಿನ ರಕ್ತ ತಯಾರಾಗುವುದು ಇಲ್ಲಿ,
ಆಮೇಲೆ ಆ ಕೆಲಸ ಮೂಳೆಯೊಳಗಿನ ಮಜ್ಜೆಗೆ ಹೋಗಬೇಕು.
ಇಂಥ ಕೆಲವು ಮಕ್ಕಳಲ್ಲಿ ಇಲ್ಲೇ
ಬಲಿಯದ ಕಣಗಳು ತುಂಬಿಕೊಳ್ಳುತ್ತವೆ.
ಇದೂ ಅದೇ ಇರಬಹುದು; ಹುಟ್ಟುವ ತನಕ ಖಚಿತವಿಲ್ಲ.

ಅಷ್ಟು ಸಾಕಿತ್ತು ನನಗೆ.
ಹದಿನಾಲ್ಕು ವರ್ಷ ಬಿಸಿಯೂಟದ ಒಲೆ ಮುಂದೆ ನಿಂತವಳಿಗೆ
ಅರೆಬೆಂದದ್ದು ಯಾವುದೆಂದು ಯಾರೂ ಕಲಿಸಬೇಕಿಲ್ಲ.
ಗ್ಯಾಸ್ ಮುಗಿದ ದಿನ, ಗಂಟೆ ಹೊಡೆದ ಮೇಲೆ,
ತಪ್ಪಲೆ ತುಂಬ ಉಬ್ಬಿ ನಿಂತಿರುತ್ತದೆ,
ನೋಡಿದರೆ ಅನ್ನವೇ; ಹಿಸುಕಿದರೆ
ಅಗುಳಿನ ನಡುವೆ ಅಕ್ಕಿ.
ಚೆಲ್ಲುತ್ತೇನಾ? ಇಲ್ಲ.
ಒದ್ದೆ ಬಟ್ಟೆ ಹಾಸಿ, ತಟ್ಟೆ ಮುಚ್ಚಿ, ಮೇಲೊಂದು ಗುಂಡುಕಲ್ಲು ಹೇರಿ,
ಇನ್ನೊಂದು ಮಗ್ಗಿ ಹೇಳಿಸಿ ಮೇಷ್ಟ್ರೇ, ಅನ್ನುತ್ತೇನೆ.
ಹದಿಮೂರರ ಮಗ್ಗಿ ಮುಗಿಯುವಷ್ಟರಲ್ಲಿ
ತನ್ನ ಹಬೆಯಲ್ಲೇ ತಾನು ಅರಳಿರುತ್ತದೆ.

"ಹಾಗೇ ಆಗುತ್ತದಾ ಇದೂ?"
"ಬಹಳ ಮಕ್ಕಳಲ್ಲಿ, ಹುಟ್ಟಿ ಮೂರು ತಿಂಗಳೊಳಗೆ, ತಾನಾಗಿ ಹೋಗುತ್ತದೆ."
"ಎಲ್ಲರಲ್ಲೂ?"
ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
"ಕೆಲವರಿಗೆ ಔಷಧಿ ಬೇಕು. ಕೆಲವರಲ್ಲಿ ಹೋದದ್ದು
ನಾಲ್ಕು ವರ್ಷ ತುಂಬುವುದರೊಳಗೆ ರಕ್ತದ ಕ್ಯಾನ್ಸರಾಗಿ ಬರಬಹುದು.
ಇನ್ನು ಕೆಲವರು..."
ಅದನ್ನು ಪೂರ್ತಿ ಮಾಡಲಿಲ್ಲ. ನಾನೂ ಕೇಳಲಿಲ್ಲ.

ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಿಂದ ಒಂದು ಹನಿ
ಗಾಜಿನ ಮೇಲೆ ಸವರಿ ನೋಡುತ್ತಾರಂತೆ.
ಇಡೀ ತಪ್ಪಲೆಗೆ ಒಂದಗುಳು.

ಕೆರಿಯಪ್ಪ ಹೊರಗೆ ನನ್ನ ಚಪ್ಪಲಿ ಕಾಯುತ್ತ ಕೂತಿದ್ದ.
ಏನಂತೆ?
ಪಿತ್ತಜನಕಾಂಗ ದೊಡ್ಡದಂತೆ.
ನಮ್ಮಪ್ಪಂಗೆ ಕುಡಿದೂ ಕುಡಿದೂ ಹಾಗಾಗಿತ್ತು, ಅಂದವನು
ತಕ್ಷಣ ನಾಲಿಗೆ ಕಚ್ಚಿಕೊಂಡ.
ನನಗೆ ನಗು ಬಂತು. ಆ ಮೆಟ್ಟಿಲ ಮೇಲೆ
ಹೊಟ್ಟೆ ಹಿಡಿದುಕೊಂಡು ನಕ್ಕೆ, ಒಳಗಿನದೂ ಅಲುಗಿತು;
ಅಳು ಯಾವಾಗ ಬಂದು ಸೇರಿಕೊಂಡಿತೋ.

ಇನ್ನು ವಾರಕ್ಕೆರಡು ಸಲ ಬರಬೇಕು.
ಹೆರಿಗೆಯೂ ಇಲ್ಲೇ, ರಕ್ತ ನೋಡುವವರು ಇರುವ ಕಡೆ.
ಬಸ್ಸಿನ ಖರ್ಚು ಲೆಕ್ಕ ಹಾಕುತ್ತ ನಡೆದ ಅವನು,
ನಾನು ಹಿಂದೆ.

ಬಸ್‌ಸ್ಟ್ಯಾಂಡಿನಲ್ಲಿ ಗುತ್ಯಮ್ಮನ ಫೋನು:
ಅನ್ನ ಗಟ್ಟಿಯಾಯ್ತು ಕಣೇ, ಮಕ್ಕಳು ಅರ್ಧಕ್ಕೇ ಬಿಟ್ಟವು.
ಎಷ್ಟು ಹೊತ್ತು ಮುಚ್ಚಿಟ್ಟಿದ್ದೆ?
ಎಲ್ಲಿ ಮುಚ್ಚೋದು, ಗಂಟೆ ಹೊಡೆದೇ ಬಿಟ್ಟರು.
ಸೌಟೂ ಸಿಗಲಿಲ್ಲ, ಚೊಂಬಲ್ಲೇ ಬಡಿಸಿದೆ.

ಫೋನು ಭುಜಕ್ಕೆ ಒತ್ತಿಕೊಂಡು
ಎರಡೂ ಕೈ ಹೊಟ್ಟೆಯ ಮೇಲಿಟ್ಟು ಕೂತಿದ್ದೆ.
ಒಮ್ಮೆ, ಸ್ವಲ್ಪ ತಡೆದು ಮತ್ತೊಮ್ಮೆ,
ಒಳಗಿಂದ ಹಬೆ ಮುಚ್ಚಳ ತಟ್ಟಿದ ಹಾಗೆ.